ಸ್ಟ್ರೋಕ್ ಆದ ಹಿರಿಯರಿಗೆ ಊಟ ಮತ್ತು ವ್ಯಾಯಾಮ: ಯಾವುದು ಮೊದಲು, ಯಾವುದು ಆಮೇಲೆ

"ದಿನಾ ವ್ಯಾಯಾಮ ಮಾಡಿಸ್ತೀವಿ, ಆದ್ರೂ ಕಾಲಿಗೆ ಬಲ ಬರ್ತಿಲ್ಲ." ಸ್ಟ್ರೋಕ್ ಆದ ಹಿರಿಯರನ್ನು ಮನೆಯಲ್ಲಿ ನೋಡಿಕೊಳ್ಳುವವರ ಬಾಯಲ್ಲಿ ಪದೇ ಪದೇ ಬರುವ ಮಾತಿದು. ಏನು ತಿಂತಾರೆ ಅಂತ ಕೇಳಿದರೆ ಉತ್ತರವೂ ಹೆಚ್ಚುಕಡಿಮೆ ಒಂದೇ: ತೆಳ್ಳಗಿನ ಗಂಜಿ, ಒಂದೆರಡು ಲೋಟ ನೀರು, ಅದರಲ್ಲೂ ಅರ್ಧ ಹಾಗೇ ಉಳಿಯುತ್ತದೆ.

ನನ್ನ ಅಪ್ಪನ ವಿಷಯದಲ್ಲಿ ನಾನೂ ಇದೇ ತಪ್ಪು ಮಾಡಿದೆ. ಮೊದಲು ನಡೆಯಲಿ, ಊಟ ತಾನಾಗಿ ಸರಿಹೋಗುತ್ತೆ ಅಂದುಕೊಂಡೆ. ಆಗಬೇಕಾದದ್ದು ಮೊದಲು ಗಂಟಲು, ಆಮೇಲೆ ಹೊಟ್ಟೆ, ಅದರ ಬೆನ್ನಿಗೇ ಕಾಲು. ಕೆಳಗಿನ ಹಂತಗಳು ಆ ಕ್ರಮದಲ್ಲೇ ಇವೆ, ಯಾವುದನ್ನೂ ಹಾರಿಸಬೇಡಿ. ಮೂತ್ರಪಿಂಡ, ಹೃದಯ ಅಥವಾ ಸಕ್ಕರೆ ಕಾಯಿಲೆ ಇದ್ದರೆ ಇಲ್ಲಿನ ಅಂಕಿಗಳನ್ನು ಡಾಕ್ಟರಿಗೆ ತೋರಿಸಿಯೇ ಮುಂದುವರಿಯಿರಿ.

## ಮೊದಲು ಜೋಡಿಸಿಕೊಳ್ಳುವ ಸಾಮಾನು

ತೂಕದ ಯಂತ್ರ, ಒಂದು ನೋಟ್‌ಬುಕ್ಕು, ಟೇಪು, ಸಣ್ಣ ಟಾರ್ಚು, ಮೆತ್ತನೆ ಹಲ್ಲುಜ್ಜುವ ಬ್ರಶ್ಶು. ಊಟಕ್ಕೆ ಟೀ ಚಮಚ, ಅಂಚು ಎತ್ತರವಿರುವ ತಟ್ಟೆ, ಬಾಯಿ ಅಗಲವಿರುವ ಲೋಟ. ತಟ್ಟೆ ಜಾರದಂತೆ ಕೆಳಗೆ ಹಾಸಲು ಒದ್ದೆ ಬಟ್ಟೆ ಸಾಕು. ಚಮಚದ ಹಿಡಿಗೆ ಬಟ್ಟೆ ಸುತ್ತಿ ದಪ್ಪ ಮಾಡಿದರೆ ಹಿಡಿತ ಕಮ್ಮಿಯಿರುವ ಕೈಗೂ ಸಿಗುತ್ತದೆ. ದ್ರವದ ಹದ ನೋಡಲು ಸೂಜಿ ಇಲ್ಲದ 10 ಮಿ.ಲೀ. ಸಿರಿಂಜು ಮತ್ತು ಒಂದು ಫೋರ್ಕು ಬೇಕು. ಎಲ್ಲಕ್ಕಿಂತ ಮುಖ್ಯ, ಕೈಯಿರುವ ಗಟ್ಟಿ ಕುರ್ಚಿ. ಸೋಫಾ ಬೇಡ, ಅದರಲ್ಲಿ ಮೈ ಕುಸಿಯುತ್ತದೆ.

## ಹಂತ 1: ನುಂಗುವ ಪರೀಕ್ಷೆ ಮಾಡಿಸಿ

ಸ್ಟ್ರೋಕ್ ಆದ ಮೊದಲ ದಿನಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ನುಂಗಲು ತೊಂದರೆ ಇರುತ್ತದೆ. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ಸುಧಾರಿಸುತ್ತದೆ, ಕೆಲವರಿಗೆ ಉಳಿದುಬಿಡುತ್ತದೆ. ಅನ್ನನಾಳಕ್ಕೆ ಹೋಗಬೇಕಾದದ್ದು ಶ್ವಾಸನಾಳಕ್ಕೆ ಇಳಿದರೆ ನ್ಯುಮೋನಿಯಾ ಆಗಬಹುದು.

ನೆತ್ತಿಗೆ ಹತ್ತಿದರೆ ಕೆಮ್ಮು ಬರುತ್ತೆ, ಕೆಮ್ಮಿಲ್ಲ ಅಂದ್ರೆ ಎಲ್ಲ ಸರಿಯಾಗಿದೆ ಅನ್ನುವುದು ಇಲ್ಲಿನ ದೊಡ್ಡ ತಪ್ಪು. ಸ್ಟ್ರೋಕ್ ಆದವರಲ್ಲಿ ಗಂಟಲಿನ ಸ್ಪರ್ಶವೇ ಮಂಕಾಗಿರಬಹುದು. ಒಂದೂ ಕೆಮ್ಮಿಲ್ಲದೆ ನೀರು ಶ್ವಾಸಕೋಶಕ್ಕೆ ಇಳಿಯುತ್ತಿರುತ್ತದೆ. ಹಾಗಾಗಿ ಮನೆಯಲ್ಲಿ ಲೋಟ ನೀರು ಕೊಟ್ಟು "ನೋಡೋಣ" ಅನ್ನಬೇಡಿ. ಸ್ಪೀಚ್ ಥೆರಪಿಸ್ಟ್ ಹತ್ತಿರ ಪರೀಕ್ಷೆ ಮಾಡಿಸಿ. ಹೆಸರು ಮಾತಿನದ್ದಾದರೂ ನುಂಗುವ ತೊಂದರೆ ನೋಡುವವರೂ ಅವರೇ.

ನಮ್ಮನ್ನು ಮನೆಗೆ ಕಳಿಸಿದಾಗ ಕೈಗೆ ಮಾತ್ರೆ ಪಟ್ಟಿ ಕೊಟ್ಟರು, ವ್ಯಾಯಾಮದ ಚಿತ್ರಗಳ ಹಾಳೆ ಕೊಟ್ಟರು. ನುಂಗುವ ಬಗ್ಗೆ ಒಂದು ಸಾಲೂ ಇರಲಿಲ್ಲ. ನಾನೂ ಕೇಳಲಿಲ್ಲ. ಟೀ ಕುಡಿದ ಮೇಲೆ ಅಪ್ಪನ ದನಿ ಗಂಟಲಲ್ಲಿ ನೀರಿಟ್ಟುಕೊಂಡು ಮಾತಾಡಿದ ಹಾಗೆ ಗುಳುಗುಳು ಅನ್ನುತ್ತಿತ್ತು. ಕಫ ಅಂದುಕೊಂಡೆ. ಮೂರನೇ ವಾರ ಜ್ವರ ಬಂದಾಗಲೇ ಗೊತ್ತಾದದ್ದು, ಅದು ಕಫವಲ್ಲ, ಟೀ.

ಪರೀಕ್ಷೆ ಮಾಡಿದವರಿಂದ ಮೂರು ವಿಷಯ ಬರೆಸಿಕೊಳ್ಳಿ: ದ್ರವ ಎಷ್ಟು ಗಟ್ಟಿ ಇರಬೇಕು, ಊಟ ಎಷ್ಟು ಮೆತ್ತಗಿರಬೇಕು, ಕೂರಿಸುವುದು ಹೇಗೆ. ಅಡುಗೆಮನೆ ಗೋಡೆಗೆ ಅಂಟಿಸಿ. ತುತ್ತು ಕೊಡುವವರೆಲ್ಲ ಓದಲಿ.

ಎಚ್ಚರಿಕೆಯ ಲಕ್ಷಣಗಳು ಇವು: ಊಟದ ನಂತರ "ಆ" ಅನ್ನಿಸಿದರೆ ದನಿ ಒದ್ದೆಯಾಗಿ ಕೇಳುವುದು, ತಿನ್ನುವಾಗ ಕಣ್ಣಲ್ಲಿ ನೀರು, ಉಸಿರು ಜೋರಾಗುವುದು, ಒಂದು ಊಟಕ್ಕೆ ಅರ್ಧ ಗಂಟೆಗಿಂತ ಜಾಸ್ತಿ ಹಿಡಿಯುವುದು, ಕಾರಣವಿಲ್ಲದೆ ಮರುಕಳಿಸುವ ಜ್ವರ. ಒಂದು ಕಂಡರೂ ಬಾಯಿಂದ ಕೊಡುವುದನ್ನು ನಿಲ್ಲಿಸಿ ಡಾಕ್ಟರಿಗೆ ಫೋನ್ ಮಾಡಿ.

ನುಂಗಲು ಆಗುವುದೇ ಇಲ್ಲ ಅಂದರೆ ಮೂಗಿನ ಕೊಳವೆ ಹಾಕುತ್ತಾರೆ. ಸುಮಾರು ನಾಲ್ಕು ವಾರಕ್ಕಿಂತ ಹೆಚ್ಚು ಬೇಕಾಗುವಂತಿದ್ದರೆ ನೇರ ಹೊಟ್ಟೆಗೆ ಕೊಳವೆ ಹಾಕುವ ಮಾತು ಬರುತ್ತದೆ. ಕೊಳವೆ ಬಂತು ಅಂದ್ರೆ ಎಲ್ಲ ಮುಗೀತು ಅಂತ ಮನೆಯವರು ಅಳುವುದುಂಟು. ಹಾಗೇನಿಲ್ಲ. ನುಂಗಲು ಕಲಿಯುವವರೆಗೆ ಮೈಗೆ ಊಟ ಮುಟ್ಟಿಸುವ ದಾರಿ ಅದು. ಕೊಳವೆಯಲ್ಲಿ ಕೊಡುವಾಗ ಮತ್ತು ಆಮೇಲೆ ಕನಿಷ್ಠ ಅರ್ಧ ಗಂಟೆ ತಲೆಭಾಗ 30 ಡಿಗ್ರಿಗಿಂತ ಮೇಲಿರಲಿ. "ಆಸೆ ಪಡ್ತಾರೆ" ಅಂತ ಕದ್ದು ಒಂದು ಚಮಚ ಬಾಯಿಗೆ ಹಾಕಬೇಡಿ.

ಇನ್ನೊಂದು. ಐದು ದಿನಕ್ಕಿಂತ ಹೆಚ್ಚು ಏನೂ ತಿನ್ನದೇ ಇದ್ದವರಿಗೆ ಒಮ್ಮೆಗೇ ಹೊಟ್ಟೆ ತುಂಬ ಕೊಡಬಾರದು. ರಕ್ತದಲ್ಲಿ ಫಾಸ್ಫೇಟ್, ಪೊಟ್ಯಾಸಿಯಂ ಸರ್ರನೆ ಇಳಿದು ಹೃದಯಕ್ಕೇ ತೊಂದರೆ ಆಗಬಹುದು. ರಕ್ತ ಪರೀಕ್ಷೆ ಮಾಡಿಸಿ, ಡಾಕ್ಟರು ಹೇಳಿದಂತೆ ಸ್ವಲ್ಪಸ್ವಲ್ಪವೇ ಏರಿಸಬೇಕು.

## ಹಂತ 2: ಬಾಯಿ ಸ್ವಚ್ಛ ಮಾಡಿ

ಎಲ್ಲರೂ ಬಿಟ್ಟುಬಿಡುವ ಹಂತ ಇದು. ಕೊಳಕು ಬಾಯಿಯ ಎಂಜಲು ಶ್ವಾಸಕೋಶಕ್ಕೆ ಇಳಿದರೆ ಅದರ ಜೊತೆ ರೋಗಾಣುಗಳೂ ಇಳಿಯುತ್ತವೆ. ಬೆಳಿಗ್ಗೆ, ರಾತ್ರಿ ಹಲ್ಲು, ನಾಲಗೆ, ಒಸಡು ಉಜ್ಜಿ. ಮೂಗಿನ ಕೊಳವೆ ಇರುವವರಿಗೂ ಇದು ಬೇಕು. ಬಾಯಿಂದ ತಿನ್ನದಿದ್ದರೆ ಬಾಯಿ ಇನ್ನೂ ಬೇಗ ಕೊಳಕಾಗುತ್ತದೆ.

ಪ್ರತಿ ಊಟದ ನಂತರ ಬಲವಿಲ್ಲದ ಕಡೆಯ ಕೆನ್ನೆಯೊಳಗೆ ಟಾರ್ಚು ಬಿಟ್ಟು ನೋಡಿ. ಆ ಕಡೆ ಸ್ಪರ್ಶ ಗೊತ್ತಾಗದ ಕಾರಣ ಊಟ ಅಲ್ಲೇ ಕೂತಿರುತ್ತದೆ. ಒಂದು ಮಧ್ಯಾಹ್ನ ಅಪ್ಪನ ಎಡಗೆನ್ನೆಯ ಸಂದಿಯಲ್ಲಿ ಬೆಳಿಗ್ಗೆ ಎಂಟಕ್ಕೆ ಕೊಟ್ಟ ಬಿಪಿ ಮಾತ್ರೆ ಅರ್ಧ ಕರಗಿ ಅಂಟಿಕೊಂಡಿತ್ತು. "ನುಂಗಿದೆ" ಅಂತ ಅವರು ಹೇಳಿದ್ದು ಸುಳ್ಳಲ್ಲ, ಅವರಿಗೆ ಹಾಗೇ ಅನ್ನಿಸಿತ್ತು.

ಕಟ್ಟಿಸಿದ ಹಲ್ಲಿದ್ದರೆ ಸಡಿಲವಾಗಿದೆಯಾ ನೋಡಿ. ತೂಕ ಇಳಿದರೂ ಸಡಿಲವಾಗುತ್ತದೆ, ಮುಖದ ಒಂದು ಕಡೆ ಬಲ ಹೋದರೂ ಸರಿಯಾಗಿ ಕೂರುವುದಿಲ್ಲ. ರಾತ್ರಿ ತೆಗೆದಿಡಿ.

## ಹಂತ 3: ಕೂರಿಸುವುದು, ತುತ್ತು ಕೊಡುವುದು

1. ಪೂರ್ತಿ ಎಚ್ಚರವಿದ್ದಾಗ ಮಾತ್ರ ಕೊಡಿ. ತೂಕಡಿಸುತ್ತಿದ್ದರೆ ಆ ಹೊತ್ತಿನ ಊಟ ತಡವಾದರೂ ಪರವಾಗಿಲ್ಲ.

2. ಸೊಂಟ ಕುರ್ಚಿಯ ಹಿಂಭಾಗಕ್ಕೆ ತಾಗಿರಲಿ, ಬೆನ್ನು ನೇರ, ಎರಡೂ ಪಾದ ನೆಲದ ಮೇಲೆ. ಬಲವಿಲ್ಲದ ಕೈಯನ್ನು ಮೇಜಿನ ಮೇಲೆ ಇಡಿ, ನೇತಾಡಲು ಬಿಡಬೇಡಿ.

3. ನೀವೂ ಎದುರಿಗೆ ಕೂತುಕೊಳ್ಳಿ. ನಿಂತು ಕೊಟ್ಟರೆ ಅವರು ತಲೆ ಎತ್ತುತ್ತಾರೆ, ತಲೆ ಎತ್ತಿದರೆ ಶ್ವಾಸನಾಳಕ್ಕೆ ದಾರಿ ಸಲೀಸಾಗುತ್ತದೆ. ಕಿರಿದಾದ ಲೋಟದಲ್ಲೂ ಇದೇ ತೊಂದರೆ. ಕೊನೆಯ ಗುಟುಕಿಗೆ ತಲೆ ಹಿಂದಕ್ಕೆ ಹೋಗುತ್ತದೆ.

4. ಒಂದು ಸಲಕ್ಕೆ ಅರ್ಧ ಟೀ ಚಮಚ. ಗಂಟಲ ಮಣಿ ಮೇಲೆ ಹೋಗಿ ಇಳಿಯುವುದನ್ನು ನೋಡಿ, ಆಮೇಲೆ ಮುಂದಿನ ತುತ್ತು. ಟೀವಿ ಆಫ್ ಮಾಡಿ. ಬಾಯಲ್ಲಿ ಊಟ ಇರುವಾಗ ಪ್ರಶ್ನೆ ಕೇಳಬೇಡಿ, ಉತ್ತರ ಕೊಡಲು ಹೋಗಿ ನೆತ್ತಿಗೆ ಹತ್ತುತ್ತದೆ.

5. ಊಟದ ನಂತರ ಅರ್ಧ ಗಂಟೆ ಹಾಗೇ ಕೂತಿರಲಿ.

ಗದ್ದ ಎದೆಗೆ ತಾಗಿಸಿ ನುಂಗುವುದು, ಸ್ಟ್ರಾ ಬಳಸುವುದು ಇವೆಲ್ಲ ಕೆಲವರಿಗೆ ಒಳ್ಳೆಯದು, ಕೆಲವರಿಗೆ ಅಪಾಯ. ಥೆರಪಿಸ್ಟ್ ಹೇಳಿದ್ದರೆ ಮಾತ್ರ ಮಾಡಿಸಿ.

ತಟ್ಟೆಯ ಅರ್ಧ ಭಾಗ, ಅದೂ ಯಾವಾಗಲೂ ಒಂದೇ ಕಡೆಯದು, ಮುಟ್ಟದೆ ಉಳಿಯುತ್ತಿದೆಯಾ? ರುಚಿಸಲಿಲ್ಲ ಅಂತ ಬೇಜಾರಾಗಬೇಡಿ. ಮಿದುಳಿನ ಒಂದು ಬದಿಗೆ ಪೆಟ್ಟಾದಾಗ, ಅದರಲ್ಲೂ ಬಲಬದಿಗೆ ಆದಾಗ, ಎದುರುಬದಿಯ ಜಗತ್ತು ಗಮನಕ್ಕೇ ಬಾರದಿರಬಹುದು. ತಟ್ಟೆ ತಿರುಗಿಸಿ ಕೊಟ್ಟು ನೋಡಿ, ಉಳಿದದ್ದನ್ನೂ ತಿನ್ನುತ್ತಾರೆ. ಬಿಳಿ ತಟ್ಟೆಯಲ್ಲಿ ಬಿಳಿ ಊಟವೂ ಕಾಣುವುದಿಲ್ಲ, ಗಾಢ ಬಣ್ಣದ ತಟ್ಟೆ ಇಡಿ.

## ಹಂತ 4: ಹದ ಅಳೆಯಿರಿ, ಅಂದಾಜು ಬೇಡ

ತೆಳು ದ್ರವ ಸರಿಯಾಗಿ ನುಂಗಲಾಗದವರಿಗೆ ಅದಕ್ಕೆ ಪುಡಿ ಬೆರೆಸಿ ಗಟ್ಟಿ ಮಾಡಿ ಕೊಡಲು ಹೇಳುತ್ತಾರೆ. "ಸ್ವಲ್ಪ ಗಟ್ಟಿ" ಅಂದರೆ ಎಷ್ಟು? ಒಬ್ಬೊಬ್ಬರ ಕೈಯಲ್ಲಿ ಒಂದೊಂದು. ಇದಕ್ಕಾಗಿ ಐಡಿಡಿಎಸ್‌ಐ ಎಂಬ ಅಂತರರಾಷ್ಟ್ರೀಯ ಅಳತೆ ಇದೆ, 0ಯಿಂದ 7ರವರೆಗೆ. 0 ಅಂದರೆ ಮಾಮೂಲಿ ನೀರು, 7 ಅಂದರೆ ಎಲ್ಲರೂ ತಿನ್ನುವ ಊಟ. ನಿಮಗೆ ಹೇಳಿರುವ ಅಂಕಿ ಯಾವುದು ಕೇಳಿಕೊಳ್ಳಿ.

ದ್ರವ ಅಳೆಯುವುದು ಹೀಗೆ. ಸಿರಿಂಜಿನ 0 ಗೆರೆಯಿಂದ 10ರ ಗೆರೆವರೆಗೆ ಉದ್ದ 61.5 ಮಿ.ಮೀ. ಇರಬೇಕು. ಬೇರೆ ಉದ್ದದ್ದಾದರೆ ಲೆಕ್ಕ ತಪ್ಪುತ್ತದೆ. ಒಳಗಿನ ತಳ್ಳುವ ಕಡ್ಡಿ (ಪ್ಲಂಜರ್) ತೆಗೆದು, ತುದಿಯನ್ನು ಬೆರಳಿಂದ ಮುಚ್ಚಿ, 10 ಮಿ.ಲೀ. ತುಂಬಿಸಿ. ಬೆರಳು ತೆಗೆದು ಸರಿಯಾಗಿ 10 ಸೆಕೆಂಡಿಗೆ ಮತ್ತೆ ಮುಚ್ಚಿ. ಒಂದು ಮಿ.ಲೀ.ಗಿಂತ ಕಮ್ಮಿ ಉಳಿದರೆ ಅದು 0. 1ರಿಂದ 4 ಉಳಿದರೆ ಅಂಕಿ 1, 4ರಿಂದ 8 ಉಳಿದರೆ ಅಂಕಿ 2. 8ಕ್ಕಿಂತ ಜಾಸ್ತಿ ಉಳಿದು ಸ್ವಲ್ಪವಾದರೂ ಇಳಿದಿದ್ದರೆ ಅಂಕಿ 3. ಏನೂ ಇಳಿಯದಿದ್ದರೆ 4.

ಘನ ಆಹಾರದಲ್ಲಿ 4 ಎಂದರೆ ಗಂಟಿಲ್ಲದಂತೆ ನುಣ್ಣಗೆ ರುಬ್ಬಿದ್ದು. ಚಮಚ ಓರೆ ಮಾಡಿದರೆ ಅಂಟಿಕೊಳ್ಳದೆ ಇಡಿಯಾಗಿ ಜಾರಿ ಬೀಳಬೇಕು. 5ರಲ್ಲಿ ತುಣುಕು 4 ಮಿ.ಮೀ. ಮೀರಬಾರದು, ಅಂದರೆ ಫೋರ್ಕಿನ ಎರಡು ಹಲ್ಲುಗಳ ನಡುವಿನ ಸಂದಿಯಷ್ಟು. 6ರಲ್ಲಿ ಒಂದೂವರೆ ಸೆಂ.ಮೀ.ವರೆಗೆ ಇರಬಹುದು, ಆದರೆ ಫೋರ್ಕಿನಿಂದ ಒತ್ತಿದರೆ ಹಿಸುಕಿಹೋಗಬೇಕು.

ಜನ ಎಡವುವ ಜಾಗಗಳು ಬೇರೆ ಇವೆ. ತೆಳು ಸಾರಿನಲ್ಲಿ ತುಂಡು ತೇಲುವ ಊಟ ಅತಿ ಕಷ್ಟದ್ದು, ಒಂದೇ ತುತ್ತಿನಲ್ಲಿ ಎರಡು ಹದ. ಐಸ್‌ಕ್ರೀಮ್ ಗಟ್ಟಿ ಕಂಡರೂ ಬಾಯಲ್ಲಿ ನೀರಾಗುತ್ತದೆ. ಪುಡಿಪುಡಿಯಾಗುವುದು, ಅಂಟುವುದು, ನಾರಿನದ್ದು ಬೇಡ. ಮಲಬದ್ಧತೆಗೆ ಕೊಡುವ ಪಾಲಿಎಥಿಲಿನ್ ಗ್ಲೈಕಾಲ್ ಪುಡಿಯನ್ನು ಪಿಷ್ಟದಿಂದ ಮಾಡಿದ ಗಟ್ಟಿ ಮಾಡುವ ಪುಡಿಯ ಜೊತೆ ಕಲಸಿದರೆ ದ್ರವ ಮತ್ತೆ ತೆಳ್ಳಗಾಗುತ್ತದೆ. ನಿಮ್ಮ ಡಬ್ಬಿಯಲ್ಲಿರುವುದು ಪಿಷ್ಟವೋ ಗಮ್ ಜಾತಿಯದೋ, ಚೀಟಿ ಓದಿ.

ಮಾತ್ರೆಗಳನ್ನು ಸುಮ್ನೆ ಪುಡಿ ಮಾಡಬೇಡಿ. ನಿಧಾನವಾಗಿ ಬಿಡುಗಡೆಯಾಗುವ ಮಾತ್ರೆ ಪುಡಿಯಾದರೆ ಇಡೀ ದಿನದ ಔಷಧ ಒಮ್ಮೆಗೇ ಮೈಗೆ ಸೇರುತ್ತದೆ. ಪ್ರತಿಯೊಂದಕ್ಕೂ ಔಷಧ ಅಂಗಡಿಯವರನ್ನು ಕೇಳಿ.

## ಹಂತ 5: ಎಷ್ಟು ತಿನ್ನಬೇಕು, ಲೆಕ್ಕ ಹಾಕಿ

ಹಿರಿಯರಿಗೆ ದಿನಕ್ಕೆ ತೂಕದ ಪ್ರತಿ ಕಿಲೋಗೆ ಸುಮಾರು 30 ಕ್ಯಾಲೊರಿ ಬೇಕು. ಕಾಯಿಲೆಯಿಂದ ಚೇತರಿಸಿಕೊಳ್ಳುವಾಗ ಪ್ರೋಟೀನ್ ಪ್ರತಿ ಕಿಲೋಗೆ 1.2ರಿಂದ 1.5 ಗ್ರಾಂ. 60 ಕಿಲೋ ಇರುವವರಿಗೆ ಅಂದಾಜು 1800 ಕ್ಯಾಲೊರಿ, 72ರಿಂದ 90 ಗ್ರಾಂ ಪ್ರೋಟೀನ್. ಮೂತ್ರಪಿಂಡದ ತೊಂದರೆ ಇದ್ದರೆ ಈ ಪ್ರೋಟೀನ್ ಲೆಕ್ಕ ಡಾಕ್ಟರು ಹೇಳಿದಂತೆ.

ಒಂದು ಮೊಟ್ಟೆಯಲ್ಲಿ ಸುಮಾರು 6 ಗ್ರಾಂ ಪ್ರೋಟೀನ್, 250 ಮಿ.ಲೀ. ಹಾಲಿನಲ್ಲಿ 8, ಬೆಂದ ಬೇಳೆ 100 ಗ್ರಾಂನಲ್ಲಿ 8ರಿಂದ 9, ಬೇಯಿಸಿದ ಮೀನು 100 ಗ್ರಾಂನಲ್ಲಿ 20ರ ಆಸುಪಾಸು. ಈಗ ನಿಮ್ಮ ನೋಟ್‌ಬುಕ್ಕಿನಲ್ಲಿ ನಿನ್ನೆ ಅವರು ನಿಜಕ್ಕೂ ನುಂಗಿದ್ದನ್ನು ಬರೆದು ಕೂಡಿಸಿ. ತಟ್ಟೆಗೆ ಹಾಕಿದ್ದಲ್ಲ, ನುಂಗಿದ್ದು. ನಾನು ಕೂಡಿಸಿದಾಗ 31 ಗ್ರಾಂ ಬಂತು. ಬೇಕಾದ ಅರ್ಧವೂ ಇಲ್ಲ.

ಕೊರತೆಯ ಮೂಲ ಬಹಳ ಸಲ ಮಿಕ್ಸಿಯಲ್ಲಿರುತ್ತದೆ. ರುಬ್ಬಲು ನೀರು ಹಾಕುತ್ತೇವೆ. ಬಟ್ಟಲು ತುಂಬುತ್ತದೆ, ಹೊಟ್ಟೆ ತುಂಬುತ್ತದೆ, ಮೈಗೆ ಹೋಗಿದ್ದು ಅರ್ಧ ಊಟ. ನೀರಿನ ಬದಲು ಹಾಲು ಹಾಕಿ ರುಬ್ಬಿ. ಎರಡು ದೊಡ್ಡ ಚಮಚ ಕೆನೆರಹಿತ ಹಾಲಿನ ಪುಡಿ ಸೇರಿಸಿದರೆ ಸುಮಾರು 5 ಗ್ರಾಂ ಪ್ರೋಟೀನ್ ಬಟ್ಟಲು ದೊಡ್ಡದಾಗದೆಯೇ ಸೇರುತ್ತದೆ. ಒಂದು ಟೀ ಚಮಚ ಎಣ್ಣೆ 40ಕ್ಕೂ ಹೆಚ್ಚು ಕ್ಯಾಲೊರಿ. ಹದವನ್ನು ಮತ್ತೆ ಅಳೆಯುವುದು ಮರೆಯಬೇಡಿ.

ಪ್ರೋಟೀನನ್ನು ರಾತ್ರಿ ಒಂದೇ ಊಟಕ್ಕೆ ತುಂಬಿಸಬೇಡಿ. ವಯಸ್ಸಾದ ಸ್ನಾಯು ಸ್ವಲ್ಪಕ್ಕೆಲ್ಲ ಎಚ್ಚರಗೊಳ್ಳುವುದಿಲ್ಲ, ಒಂದು ಹೊತ್ತಿಗೆ 25ರಿಂದ 30 ಗ್ರಾಂ ಬೇಕು. ಮೂರು ಊಟದಲ್ಲಿ ಹಂಚಿ, ನಡುವೆ ಎರಡು ಸಣ್ಣ ತಿಂಡಿ ಇಡಿ. ಸಂಜೆ ಹೊತ್ತಿಗೆ ದಣಿದು ನುಂಗುವುದೂ ನಿಧಾನವಾಗುವುದರಿಂದ ಭಾರದ ಊಟ ಬೆಳಿಗ್ಗೆ, ಮಧ್ಯಾಹ್ನಕ್ಕೇ ಇರಲಿ. ತಟ್ಟೆಯಲ್ಲಿ ಮೊದಲು ಮೊಟ್ಟೆ ಅಥವಾ ಬೇಳೆ, ಆಮೇಲೆ ಉಳಿದದ್ದು.

ದುಬಾರಿ ಪೌಷ್ಟಿಕ ಪುಡಿಯ ಡಬ್ಬಿ ಬೇಕಾ? ಎಲ್ಲರಿಗೂ ಬೇಡ. 2005ರಲ್ಲಿ ಪ್ರಕಟವಾದ ಫುಡ್ ಎಂಬ ದೊಡ್ಡ ಅಧ್ಯಯನದಲ್ಲಿ, ಸ್ಟ್ರೋಕ್ ಆಗಿ ಆಸ್ಪತ್ರೆ ಸೇರಿದ ಎಲ್ಲರಿಗೂ ಇಂಥ ಪೂರಕ ಕೊಟ್ಟಿದ್ದರಿಂದ ಹೇಳಿಕೊಳ್ಳುವಂಥ ಲಾಭ ಕಾಣಲಿಲ್ಲ. ಅದರಲ್ಲಿದ್ದವರಲ್ಲಿ ಹೆಚ್ಚಿನವರು ಮೊದಲೇ ಚೆನ್ನಾಗಿ ಉಂಡವರಾಗಿದ್ದರು. ತೂಕ ಇಳಿದವರಿಗೆ, ಊಟ ಸಾಲದವರಿಗೆ ಡಯಟೀಶಿಯನ್ ಹೇಳಿದರೆ ಕೊಡಿ.

ಉಪ್ಪು ದಿನಕ್ಕೆ 5 ಗ್ರಾಂ ಒಳಗಿರಲಿ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಆದರೆ ಉಪ್ಪು, ಎಣ್ಣೆ, ಸಿಹಿ ಎಲ್ಲ ಒಟ್ಟಿಗೆ ಕಿತ್ತುಹಾಕಿ, ತಿನ್ನಲಾಗದ ಊಟ ಮಾಡಿಟ್ಟು, ತಿನ್ನಲಿಲ್ಲ ಅಂತ ಬೈಯುವುದು ಸರಿಯಾ? ತೂಕ ಇಳಿಯುತ್ತಿದ್ದರೆ ಯಾವ ಪಥ್ಯ ಸಡಿಲಿಸಬಹುದು ಎಂದು ಡಾಕ್ಟರನ್ನು ಕೇಳಿ. ರಕ್ತ ತೆಳು ಮಾಡುವ ವಾರ್ಫರಿನ್ ಮಾತ್ರೆ ತೆಗೆದುಕೊಳ್ಳುವವರು ಸೊಪ್ಪು ಬಿಡಬೇಕಿಲ್ಲ, ವಾರದಿಂದ ವಾರಕ್ಕೆ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ತಿನ್ನಬೇಕು ಅಷ್ಟೇ.

## ಹಂತ 6: ನೀರು

ಹೆಂಗಸರಿಗೆ ದಿನಕ್ಕೆ ಸುಮಾರು 1.6 ಲೀಟರ್, ಗಂಡಸರಿಗೆ 2 ಲೀಟರ್ ಪಾನೀಯ, ಟೀ, ಹಾಲು ಎಲ್ಲ ಸೇರಿ. ಹೃದಯ ಅಥವಾ ಮೂತ್ರಪಿಂಡದ ಕಾರಣಕ್ಕೆ ನೀರು ಕಮ್ಮಿ ಮಾಡಲು ಹೇಳಿದ್ದರೆ ಆ ಮಾತೇ ಅಂತಿಮ.

ವಯಸ್ಸಾದಂತೆ ಬಾಯಾರಿಕೆ ಗೊತ್ತಾಗುವುದು ಕಮ್ಮಿ. ಗಟ್ಟಿ ಮಾಡಿದ ನೀರು ಯಾರಿಗೂ ಇಷ್ಟವಾಗುವುದಿಲ್ಲ. ಇನ್ನೊಂದು ಕಾರಣ ಅವರು ಬಾಯಿಬಿಟ್ಟು ಹೇಳುವುದಿಲ್ಲ: ಮತ್ತೆ ಮತ್ತೆ ಶೌಚಾಲಯಕ್ಕೆ ಯಾರನ್ನು ಕರೆಯುವುದು ಎಂಬ ಸಂಕೋಚ. ಕೇಳುವ ಮೊದಲೇ ಎರಡು ಗಂಟೆಗೊಮ್ಮೆ ನೀವೇ ಕರೆದುಕೊಂಡು ಹೋಗಿ, ಕುಡಿಯುವುದು ತಾನಾಗಿ ಜಾಸ್ತಿಯಾಗುತ್ತದೆ. ಗಾಢ ಬಣ್ಣದ ಮೂತ್ರ, ಒಣ ನಾಲಗೆ, ಹೊಸದಾಗಿ ಶುರುವಾದ ಗೊಂದಲ ನೀರು ಸಾಲದ ಗುರುತು.

## ಹಂತ 7: ವ್ಯಾಯಾಮವನ್ನು ಊಟಕ್ಕೆ ಜೋಡಿಸಿ

ಆರೋಗ್ಯವಾಗಿರುವ ಹಿರಿಯರೇ 10 ದಿನ ಮಲಗಿದರೆ ಕಾಲಿನಿಂದ ಸುಮಾರು ಒಂದು ಕಿಲೋ ಸ್ನಾಯು ಕಳೆದುಕೊಳ್ಳಬಹುದು. ಹಾಗಂತ ಅವಸರವೂ ಬೇಡ. 2015ರ ಅವರ್ಟ್ ಅಧ್ಯಯನದಲ್ಲಿ, ಸ್ಟ್ರೋಕ್ ಆದ 24 ಗಂಟೆಯೊಳಗೆ ಹೆಚ್ಚು ಹೊತ್ತು, ಹೆಚ್ಚು ಸಲ ಎಬ್ಬಿಸಿ ಓಡಾಡಿಸಿದವರಿಗೆ ಫಲಿತಾಂಶ ಕೆಟ್ಟದ್ದೇ ಬಂತು. ಯಾವಾಗ ಶುರು, ಎಷ್ಟು ಎಂಬುದು ಫಿಸಿಯೋಥೆರಪಿಸ್ಟ್ ಮಾತು.

ಅವರು ಒಪ್ಪಿದ ಮೇಲೆ ಮನೆಯಲ್ಲಿ ಮಾಡಿಸಲು ಕುರ್ಚಿಯಿಂದ ಏಳುವುದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ.

1. ಕುರ್ಚಿ ಗೋಡೆಗೆ ಒರಗಿರಲಿ. ನೀವು ಬಲವಿಲ್ಲದ ಕಡೆ ನಿಲ್ಲಿ.
2. ಅವರು ಕುರ್ಚಿಯ ಮುಂದಿನ ಅಂಚಿಗೆ ಸರಿಯಲಿ. ಎರಡೂ ಪಾದ ಮಂಡಿಗಿಂತ ಸ್ವಲ್ಪ ಹಿಂದೆ. ಬಲವಿಲ್ಲದ ಕಾಲು ಮುಂದೆ ಚಾಚಿದ್ದರೆ ಎಲ್ಲ ಭಾರ ಒಳ್ಳೆಯ ಕಾಲಿಗೇ ಬೀಳುತ್ತದೆ.
3. ಮೂಗು ಕಾಲ್ಬೆರಳ ಮೇಲೆ ಬರುವಷ್ಟು ಮುಂದೆ ಬಾಗಿ ಏಳಲಿ. ಇಳಿಯುವಾಗ ಧೊಪ್ಪನೆ ಕೂರದೆ ನಿಧಾನವಾಗಿ.
4. ಐದು ಸಲ, ದಿನಕ್ಕೆ ಮೂರು ಬಾರಿ. ಸಲೀಸಾದ ಮೇಲೆ ಎಣಿಕೆ ಏರಿಸಿ.

ಎಬ್ಬಿಸಲು ಬಲವಿಲ್ಲದ ಕೈ ಹಿಡಿದು ಎಳೆಯಬೇಡಿ. ಭುಜದ ಕೀಲು ಜಾರಿ ತಿಂಗಳುಗಟ್ಟಲೆ ನೋವು ಕೊಡುತ್ತದೆ. ಊಟವಾದ ತಕ್ಷಣ ಹಿರಿಯರ ಬಿಪಿ ಇಳಿಯುವುದುಂಟು, ಅದಕ್ಕೆ ಒಂದು ಗಂಟೆಯಾದರೂ ಬಿಟ್ಟು ಮಾಡಿಸಿ. ವ್ಯಾಯಾಮ ಮುಗಿದು ದಣಿವಾರಿದ ಮೇಲೆ ಹಾಲೋ ಮೊಟ್ಟೆಯೋ ಕೊಡಿ. ಊಟ ಸರಿಯಾಗಿ ಇಳಿಯದ ದಿನ ವ್ಯಾಯಾಮವನ್ನೂ ಅರ್ಧ ಮಾಡಿ. ಎದೆನೋವು, ತಲೆಸುತ್ತು, ಮಾತಾಡಲಾಗದಷ್ಟು ಏದುಸಿರು ಬಂದರೆ ತಕ್ಷಣ ನಿಲ್ಲಿಸಿ.

## ಹಂತ 8: ವಾರಕ್ಕೊಮ್ಮೆ ತೂಕ

ಅದೇ ದಿನ, ಅದೇ ಹೊತ್ತು, ಹಗುರ ಬಟ್ಟೆಯಲ್ಲಿ. ಮೂರರಿಂದ ಆರು ತಿಂಗಳೊಳಗೆ ನೂರಕ್ಕೆ 5ರಷ್ಟು, ಅಂದರೆ 60 ಕಿಲೋದವರಿಗೆ 3 ಕಿಲೋ, ತಾನಾಗಿ ಇಳಿದರೆ ಡಯಟೀಶಿಯನ್ ನೋಡಲೇಬೇಕು. ನಿಲ್ಲಲು ಆಗದವರಿಗೆ ಮೀನಖಂಡದ ದಪ್ಪ ಭಾಗಕ್ಕೆ ಟೇಪು ಸುತ್ತಿ. 31 ಸೆಂ.ಮೀ.ಗಿಂತ ಕಮ್ಮಿ ಇದ್ದರೆ ಸ್ನಾಯು ಕರಗಿರುವ ಸೂಚನೆ. ಕಾಲು ಊದಿಕೊಂಡಿದ್ದರೆ ಎರಡು ಲೆಕ್ಕವೂ ಮೋಸ ಮಾಡುತ್ತದೆ.

ಎಲ್ಲ ಸರಿಯಿದ್ದೂ ತಿನ್ನುತ್ತಿಲ್ಲ ಅಂದರೆ ಮನಸ್ಸನ್ನೂ ವಿಚಾರಿಸಿ. ಸ್ಟ್ರೋಕ್ ಆದ ಮೂವರಲ್ಲಿ ಸುಮಾರು ಒಬ್ಬರಿಗೆ ಖಿನ್ನತೆ ಕಾಡುತ್ತದೆ. ಅದು ಹಟವಲ್ಲ, ಚಿಕಿತ್ಸೆ ಇದೆ.

## ಕಾಯದೆ ಆಸ್ಪತ್ರೆಗೆ ಹೊರಡಬೇಕಾದಾಗ

ಮುಖ ಹೊಸದಾಗಿ ಸೊಟ್ಟಗಾಯಿತು, ಕೈ ಬಿದ್ದುಹೋಯಿತು, ಮಾತು ತೊದಲಿತು ಅಂದರೆ ಗಡಿಯಾರ ನೋಡಿ ಹೊತ್ತು ಬರೆದುಕೊಂಡು ಹೊರಡಿ. ನೀರು, ಮಾತ್ರೆ ಏನನ್ನೂ ಬಾಯಿಗೆ ಹಾಕಬೇಡಿ. ಜ್ವರದ ಜೊತೆ ಏದುಸಿರು, ಎಬ್ಬಿಸಿದರೂ ಏಳದಷ್ಟು ಮಂಪರು, ರಕ್ತ ತೆಳು ಮಾಡುವ ಮಾತ್ರೆ ತಿನ್ನುವವರಲ್ಲಿ ಕಪ್ಪು ಮಲ, ಇವಕ್ಕೂ ಬೆಳಗಾಗಲಿ ಅಂತ ಕಾಯಬೇಡಿ.

## ಹಂತ 9: ಮತ್ತೆ ಪರೀಕ್ಷೆ

ಗಟ್ಟಿ ಮಾಡುವ ಪುಡಿ ಶುರು ಮಾಡಿದವರು ನಿಲ್ಲಿಸುವುದನ್ನು ಮರೆಯುತ್ತಾರೆ. ಗಂಟಲು ಸುಧಾರಿಸಿದ ಮೇಲೂ ಬೇಡದ ಗಟ್ಟಿ ನೀರು ಕುಡಿಸುತ್ತಲೇ ಇರುತ್ತಾರೆ. ಮೊದಲ ಪರೀಕ್ಷೆಯ ದಿನವೇ ಮುಂದಿನದರ ತಾರೀಖು ಕೇಳಿ. ಹೋಗುವಾಗ ತೂಕದ ನೋಟ್‌ಬುಕ್ಕು, ಮನೆಯಲ್ಲಿ ಬಳಸುವ ಪುಡಿ, ಅದನ್ನು ಅಳೆಯುವ ಅದೇ ಚಮಚ ಒಯ್ಯಿರಿ, ಅಲ್ಲೇ ಕಲಸಿ ತೋರಿಸಿ. ನಮ್ಮ ಚಮಚ ಡಬ್ಬಿಯ ಜೊತೆ ಬಂದದ್ದಲ್ಲ, ಅಡುಗೆಮನೆಯದು. ಎರಡು ತಿಂಗಳು ಅಪ್ಪನಿಗೆ ಹೇಳಿದ್ದಕ್ಕಿಂತ ಒಂದು ಹಂತ ಗಟ್ಟಿಯಾಗಿಯೇ ಕುಡಿಸಿದ್ದೆ ಅಂತ ಗೊತ್ತಾದದ್ದು ಆವತ್ತು.